ತೆಂಗಿನ ಸೀಮೆಯ ಪಟ್ಟಣ ಜಲಮಾರ್ಗಗಳ ಪುನಶ್ಚೇತನ

ಪಟ್ಟಣದ ನಡುವೆ ಇಲ್ಲವೆ ಅಂಚಿನಲ್ಲಿ ಹರಿಯುವ ನದಿ, ಹಳ್ಳ, ಕಾಲುವೆಗಳನ್ನೂ ಅವು ತುಂಬುವ ಕೆರೆಗಳನ್ನೂ ಮತ್ತೆ ಜೀವಂತಗೊಳಿಸುವ ಕೆಲಸ. ಇಲ್ಲಿ ಸಿಮೆಂಟು ಮತ್ತು ಯಂತ್ರಗಳಿಗಿಂತ ಮಣ್ಣು, ಹುಲ್ಲು, ಗಿಡಮರ, ಜೌಗು ಮತ್ತು ಸೂಕ್ಷ್ಮಜೀವಿಗಳನ್ನು ಹೆಚ್ಚು ನೆಚ್ಚಲಾಗುತ್ತದೆ. ಆ ನೀರನ್ನು ಬಳಸುವ ಜನರೇ ಯೋಜನೆಯಲ್ಲೂ ನಿರ್ವಹಣೆಯಲ್ಲೂ ಪಾಲುಗಾರರಾಗಿರುತ್ತಾರೆ. ಇಂಥ ಕ್ರಮಗಳನ್ನು ನಿಸರ್ಗ ಆಧಾರಿತ ಪರಿಹಾರಗಳು ಎಂದು ಕರೆಯುವ ರೂಢಿ 21ನೆಯ ಶತಮಾನದ್ದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2016ರಲ್ಲಿ ಇವುಗಳನ್ನು ವ್ಯಾಖ್ಯಾನಿಸಿತು. ವಿಶ್ವಸಂಸ್ಥೆಯ ಪರಿಸರ ಸಭೆ 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ಒಂದು ಸಾಮಾನ್ಯ ವ್ಯಾಖ್ಯೆಯನ್ನು ಒಪ್ಪಿತು. ಹೆಸರು ಹೊಸದಾದರೂ ಮೈಸೂರು ಬಯಲುಸೀಮೆಯ ಕೆರೆ ಕಟ್ಟಿದವರು ನೆಚ್ಚಿದ್ದು ಇದೇ ತಿಳಿವನ್ನು.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳಲ್ಲಿ ಯಾವುದೂ ದೊಡ್ಡ ನದಿಯ ದಂಡೆಯ ಮೇಲಿಲ್ಲ. ಇಲ್ಲಿ ನದಿಯ ಕೆಲಸ ಮಾಡುವುದು ಕೆರೆಗಳ ಸರಣಿ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ, ಅಲ್ಲಿಂದ ಮುಂದಿನದಕ್ಕೆ. ಸಾಲಿನ ಕೊನೆಯಲ್ಲಷ್ಟೇ ಹೊಳೆ ಎನ್ನಿಸಿಕೊಳ್ಳುವ ಹರಿವು ಸಿಗುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ನದಿ ಪುನಶ್ಚೇತನ ಎಂದರೆ ಕೆರೆಯಂಗಳದ ಜೊತೆಗೆ ಎರಡು ಕೆರೆಗಳ ನಡುವಿನ ಹಳ್ಳವನ್ನೂ ಉಳಿಸುವುದು ಎಂದೇ ಅರ್ಥ. ಈ ಮಾತು ಕೆರೆ ಅಭಿವೃದ್ಧಿಯ ಹೆಚ್ಚಿನ ಯೋಜನೆಗಳಲ್ಲಿ ಮರೆತುಹೋಗಿದೆ.

ನೆಲ ಮತ್ತು ನೀರಿನ ದಾರಿ

ತುಮಕೂರು ಜಿಲ್ಲೆ ಮೂರು ನದಿ ಕೊಳ್ಳಗಳ ನೆತ್ತಿಯ ಮೇಲಿದೆ. ಶಿಂಷಾ ನದಿಯ ಮೂಲಕ ಕಾವೇರಿಗೆ, ವೇದಾವತಿಯ ಮೂಲಕ ತುಂಗಭದ್ರೆ ಮತ್ತು ಕೃಷ್ಣೆಗೆ, ಜಯಮಂಗಲಿಯ ಮೂಲಕ ಉತ್ತರ ಪಿನಾಕಿನಿಗೆ ಇಲ್ಲಿನ ನೀರು ಹಂಚಿಹೋಗುತ್ತದೆ. ತೆಂಗಿನ ಸೀಮೆಯ ಮೂರು ತಾಲ್ಲೂಕುಗಳು ಇವುಗಳಲ್ಲಿ ಮೊದಲ ಎರಡು ಕೊಳ್ಳಗಳಿಗೆ ಸೇರಿವೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಹಾದು, ಮದ್ದೂರಿನ ಕಡೆ ಸಾಗುತ್ತದೆ. ತುರುವೇಕೆರೆ ಮತ್ತು ತಿಪಟೂರಿನ ದಕ್ಷಿಣ ಭಾಗದ ಕೆರೆಗಳ ಹೆಚ್ಚುವರಿ ನೀರು ಸೇರುವುದು ಈ ಹೊಳೆಯನ್ನೇ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಉತ್ತರ ಭಾಗದ ನೀರು ಸುವರ್ಣಮುಖಿಗೆ ಇಳಿಯುತ್ತದೆ. ಅದಕ್ಕೆ ಅಡ್ಡಲಾಗಿ ಹುಳಿಯಾರಿನ ಬಳಿ ಬೋರನಕಣಿವೆ ಜಲಾಶಯವನ್ನು 19ನೆಯ ಶತಮಾನದ ಕೊನೆಯಲ್ಲಿ ಕಟ್ಟಲಾಯಿತು. ಅಲ್ಲಿಂದ ಮುಂದೆ ಹಿರಿಯೂರು ಸೀಮೆಯಲ್ಲಿ ಸುವರ್ಣಮುಖಿ ವೇದಾವತಿಯನ್ನು ಕೂಡುತ್ತದೆ.

ನೆತ್ತಿಯ ಮೇಲಿನ ನಾಡಿಗೆ ಹೊರಗಿನಿಂದ ತಾನಾಗಿ ಹರಿದುಬರುವ ನೀರಿಲ್ಲ. ಬಿದ್ದ ಮಳೆಯೇ ಬಂಡವಾಳ. ವರ್ಷಕ್ಕೆ ಸರಾಸರಿ 600ರಿಂದ 700 ಮಿಲಿಮೀಟರ್ ಮಳೆ. ಅದರಲ್ಲೂ ಕೆರೆ ತುಂಬಿಸುವುದು ಉತ್ತರೆ, ಹಸ್ತ, ಚಿತ್ತೆ, ಸ್ವಾತಿಯ ರಭಸದ ಮಳೆಗಳು. ನಾಲ್ಕಾರು ದೊಡ್ಡ ಮಳೆಗಳಲ್ಲಿ ಬಂದ ನೀರನ್ನು ಹಿಡಿದವರಿಗೆ ವರ್ಷವಿಡೀ ಬದುಕು, ಬಿಟ್ಟವರಿಗೆ ಬರ. ಹೀಗಾಗಿಯೇ ಪ್ರತಿ ಹಳ್ಳಕ್ಕೂ ಏರಿ ಬಿದ್ದಿದೆ. ಶೆಟ್ಟಿಕೆರೆ, ಕಂದಿಕೆರೆ, ಹಂದನಕೆರೆ, ನೊಣವಿನಕೆರೆ, ತುರುವೇಕೆರೆ ಎಂದು ಹೋಬಳಿ, ತಾಲ್ಲೂಕುಗಳು ಕೆರೆಯ ಹೆಸರನ್ನೇ ಹೊತ್ತಿವೆ. ಅರಳಗುಪ್ಪೆಯಲ್ಲಿ 9ನೆಯ ಶತಮಾನದ ಕಲ್ಲೇಶ್ವರ ದೇಗುಲ, ತುರುವೇಕೆರೆಯಲ್ಲಿ 13ನೆಯ ಶತಮಾನದ ಹೊಯ್ಸಳ ಗುಡಿಗಳು ನಿಂತಿವೆ. ಅಷ್ಟು ಹಿಂದೆಯೇ ಇಲ್ಲಿ ನೆಲೆನಿಂತ ಊರುಗಳಿದ್ದವು ಎಂದರೆ ಅವುಗಳನ್ನು ಸಾಕಿದ ನೀರಿನ ಏರ್ಪಾಡೂ ಅಷ್ಟೇ ಹಳೆಯದು.

ತೆಂಗು ಈ ನೀರಿನ ಲೆಕ್ಕದ ಕೇಂದ್ರ. ತಿಪಟೂರು ಟಾಲ್ ಎಂಬ ತಳಿಗೆ ಹೆಸರು ಕೊಟ್ಟ ಈ ಸೀಮೆ ಉಂಡೆ ಕೊಬ್ಬರಿಗೆ ದೇಶದಲ್ಲೇ ದೊಡ್ಡ ಮಾರುಕಟ್ಟೆ. ಎಕರೆಗೆ ಸುಮಾರು 70 ಮರ, ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 50 ಲೀಟರ್ ಎಂದು ಹಿಡಿದರೆ ಎಕರೆಗೆ ದಿನಕ್ಕೆ 3,500 ಲೀಟರ್ ಬೇಕು. ಆರು ತಿಂಗಳ ಒಣಕಾಲಕ್ಕೆ ಅದು ಸುಮಾರು 6.3 ಲಕ್ಷ ಲೀಟರ್ ಆಗುತ್ತದೆ. ಅದೇ ಎಕರೆಯ ಮೇಲೆ 650 ಮಿಲಿಮೀಟರ್ ಮಳೆಯಲ್ಲಿ ಬೀಳುವ ನೀರು ಸುಮಾರು 26 ಲಕ್ಷ ಲೀಟರ್. ಬಹುಪಾಲು ಆವಿಯಾಗುತ್ತದೆ, ಮರವೂ ಮಳೆಗಾಲದಲ್ಲಿ ಕುಡಿಯುತ್ತದೆ. ಆದರೂ ನಾಲ್ಕರಲ್ಲಿ ಒಂದು ಪಾಲು ನೆಲಕ್ಕಿಳಿದರೆ ತೋಟ ಉಳಿಯುತ್ತದೆ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ. ಪುನಶ್ಚೇತನದ ಆಸೆಗೆ ಆಧಾರ ಈ ಲೆಕ್ಕವೇ.

ಹಳೆಯ ವ್ಯವಸ್ಥೆ ಮತ್ತು ಅದರ ಒಡಕು

ಕೆರೆಗೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಇದ್ದಂತೆ ಆಳುಗಳೂ ಇದ್ದರು. ತೂಬು ಎತ್ತಿ ಇಳಿಸಿ ಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದವನು ನೀರಗಂಟಿ. ಹಲವು ಊರುಗಳಲ್ಲಿ ಈ ಹೊಣೆ ದಲಿತ ಕುಟುಂಬಗಳದಾಗಿತ್ತು. ಅದಕ್ಕೆ ಪ್ರತಿಯಾಗಿ ಮಾನ್ಯದ ಭೂಮಿ ಇಲ್ಲವೆ ಸುಗ್ಗಿಯ ಕಾಳು ಸಿಗುತ್ತಿತ್ತು. ನೀರು ಯಾರಿಗೆ ಎಷ್ಟು ಎಂದು ನಿಜವಾಗಿ ಬಲ್ಲವರು ಅವರೇ, ಆದರೆ ಆ ನೀರು ಉಣಿಸಿದ ಗದ್ದೆಗಳಲ್ಲಿ ಅವರ ಪಾಲು ಕಿರಿದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡು ಮಣ್ಣನ್ನು ಗಾಡಿಗಳಲ್ಲಿ ಹೊಲ ತೋಟಗಳಿಗೆ ಹೊಡೆಯುತ್ತಿದ್ದರು. ಹೂಳೆತ್ತಲು ಸರ್ಕಾರದ ಹಣ ಬೇಕಿರಲಿಲ್ಲ.

ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನು ತಂದು ಊರಿನವರ ಹೊಣೆಯನ್ನು ಬರಹಕ್ಕಿಳಿಸಲು ನೋಡಿತು. ಸ್ವಾತಂತ್ರ್ಯಾನಂತರ ಕೆರೆಗಳು ಇಲಾಖೆಗಳ ಪಾಲಾದವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಹುಟ್ಟಿನಿಂದ ಬಂದ ಚಾಕರಿಯನ್ನು ಕೊನೆಗಾಣಿಸಿತು. ಅದು ಆಗಲೇಬೇಕಿದ್ದ ನ್ಯಾಯ. ಆದರೆ ನೀರಗಂಟಿ ಮಾಡುತ್ತಿದ್ದ ಕೆಲಸಕ್ಕೆ ಸಂಬಳದ ಬದಲಿ ಏರ್ಪಾಡು ಆಗಲಿಲ್ಲ, ತೂಬು ಕಾಯುವವರಿಲ್ಲದೆ ಹೋಯಿತು.

ಮುಂದಿನ ಪೆಟ್ಟು ಕೊಳವೆಬಾವಿಯದು. ಕೆರೆ ಕೆಳಗಿನ ಗದ್ದೆಗಳೂ ರಾಗಿ ಹೊಲಗಳೂ ತೆಂಗಿನ ತೋಟಗಳಾದವು, ತೋಟ ಕೊಳವೆಬಾವಿಯನ್ನು ನೆಚ್ಚಿತು. ನೀರು ನೆಲದಡಿಯಿಂದ ಬರುತ್ತದೆ ಎಂದಾದ ಮೇಲೆ ಕೆರೆ ತುಂಬಿತೇ ಎಂದು ಕೇಳುವವರು ಕಡಿಮೆಯಾದರು. ಆ ಅಂತರ್ಜಲ ತುಂಬುವುದೂ ಕೆರೆ ಹಳ್ಳಗಳಿಂದಲೇ ಎಂಬುದು ಬಾವಿಗಳು ಸಾವಿರ ಅಡಿ ದಾಟಿದಾಗ ಅರಿವಾಯಿತು. ಈ ನಡುವೆ ಹಳ್ಳಗಳ ಮರಳು ಕಟ್ಟಡಗಳಿಗೆ ಹೋಯಿತು. ಮರಳಿದ್ದ ಹಳ್ಳ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ನೀರನ್ನು ಒಡಲಲ್ಲಿ ಇಟ್ಟುಕೊಳ್ಳುತ್ತಿತ್ತು. ಮರಳು ಕಳೆದ ಹಳ್ಳದಲ್ಲಿ ನೀರು ಒಂದೇ ದಿನ ಅಬ್ಬರಿಸಿ ಹೋಗುತ್ತದೆ. 2012ರಿಂದ 2017ರವರೆಗೆ ಹೆಚ್ಚುಕಡಿಮೆ ಪ್ರತಿವರ್ಷ ಕಾಡಿದ ಬರದಲ್ಲಿ ಹಳೆಯ ತೆಂಗಿನ ತೋಟಗಳು ಸುಳಿ ಒಣಗಿ ನಿಂತದ್ದಕ್ಕೆ ಮಳೆಯ ಕೊರತೆಯಷ್ಟೇ ಕಾರಣವಲ್ಲ.

ಚಿಕ್ಕನಾಯಕನಹಳ್ಳಿಗೆ ಇನ್ನೊಂದು ಗಾಯವಿದೆ. ಚಿತ್ರದುರ್ಗದ ಕಡೆಯಿಂದ ಬರುವ ಅದಿರಿನ ಬೆಟ್ಟಸಾಲು ಈ ತಾಲ್ಲೂಕನ್ನು ಹಾದುಹೋಗುತ್ತದೆ. ಕಬ್ಬಿಣ ಮತ್ತು ಮ್ಯಾಂಗನೀಸ್ ಗಣಿಗಳ ರಾಶಿಮಣ್ಣು ಮಳೆಯಲ್ಲಿ ಕೊಚ್ಚಿ ಕೆಳಗಿನ ಹಳ್ಳಕೊಳ್ಳ, ಕೆರೆಗಳಿಗೆ ಇಳಿದಿದೆ. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿ, ಆಗಸ್ಟ್‌ನಲ್ಲಿ ಆ ಆದೇಶವನ್ನು ತುಮಕೂರು, ಚಿತ್ರದುರ್ಗ ಜಿಲ್ಲೆಗಳಿಗೂ ವಿಸ್ತರಿಸಿತು. ಮತ್ತೆ ಗಣಿ ತೆರೆಯಬೇಕಾದರೆ ಪುನರ್ವಸತಿ ಯೋಜನೆ ಜಾರಿಯಾಗಬೇಕೆಂದಿತು. ಬಳಿಕ ರಚನೆಯಾದ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಬಳಿ ಗಣಿಬಾಧಿತ ಪ್ರದೇಶಗಳಿಗೆಂದೇ ದೊಡ್ಡ ಮೊತ್ತವಿದೆ. ಆ ಹಣ ರಸ್ತೆ, ಕಟ್ಟಡಗಳಿಗಿಂತ ಮೊದಲು ಗುಡ್ಡದ ಕೊರಕಲುಗಳಿಗೆ ಕಲ್ಲುತಡೆ ಹಾಕಲು, ಹುಲ್ಲು ಹಿಡಿಸಲು, ಕೆಂಪು ಹೂಳು ತುಂಬಿದ ಕೆರೆಗಳಿಗೆ ಸಲ್ಲಬೇಕು.

ಪಟ್ಟಣದ ಕೊಳಚೆ

ಊರು ಬೆಳೆದಂತೆ ಕೆರೆಗೆ ಬರುತ್ತಿದ್ದ ಮಳೆನೀರಿನ ಕಾಲುವೆ ಚರಂಡಿಯಾಗುವುದು ಕರ್ನಾಟಕದ ಎಲ್ಲ ಪಟ್ಟಣಗಳ ಕಥೆ. ಬೆಂಗಳೂರಿನ ವೃಷಭಾವತಿ ನದಿಯೇ ಹಾಗಾಯಿತು. ತಿಪಟೂರಿನಲ್ಲಿ 2011ರ ಜನಗಣತಿಯಂತೆ ಸುಮಾರು 60 ಸಾವಿರ, ಚಿಕ್ಕನಾಯಕನಹಳ್ಳಿಯಲ್ಲಿ 20 ಸಾವಿರಕ್ಕಿಂತ ತುಸು ಹೆಚ್ಚು, ತುರುವೇಕೆರೆಯಲ್ಲಿ ಸುಮಾರು 14 ಸಾವಿರ ಜನ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡ 80 ಬಳಕೆಯಾದ ನೀರಾಗಿ ಹೊರಬೀಳುತ್ತದೆ ಎಂಬ ನಗರ ನೀರು ಸರಬರಾಜಿನ ಮಾನಕ ಹಿಡಿದರೆ ತಿಪಟೂರಿನ ಕೊಳಚೆ ದಿನಕ್ಕೆ ಸುಮಾರು 65 ಲಕ್ಷ ಲೀಟರ್, ತುರುವೇಕೆರೆಯದು 15 ಲಕ್ಷ ಲೀಟರ್. ಇದಲ್ಲದೆ ತೆಂಗಿನಪುಡಿ ಮಾಡುವಲ್ಲಿ ಹೊರಹೋಗುವ ಕಾಯಿನೀರು ಇದೆ. ವಿಷವಲ್ಲದಿದ್ದರೂ ಸಕ್ಕರೆಯಂಶ ತುಂಬಿದ ಈ ನೀರು ಹುಳಿಯುತ್ತ ಕೆರೆಯ ಆಮ್ಲಜನಕವನ್ನೆಲ್ಲ ಹೀರುತ್ತದೆ, ಮೀನು ಸಾಯುತ್ತವೆ.

ನಿಸರ್ಗ ಆಧಾರಿತ ಶುದ್ಧೀಕರಣ ನಡೆಯುವುದು ಹೀಗೆ. ಕೊಳಚೆ ಮೊದಲು ಹೂಳು ತಂಗುವ ತೊಟ್ಟಿಯಲ್ಲಿ ನಿಂತು ಗಟ್ಟಿಯನ್ನು ಕೆಳಗೆ ಬಿಡಬೇಕು. ನಂತರ ಜಲ್ಲಿ ಮತ್ತು ಮರಳು ತುಂಬಿದ ತೆಳುವಾದ ಮಡಿಗಳಲ್ಲಿ ನಿಧಾನವಾಗಿ ಸರಿಯಬೇಕು. ಮಡಿಯಲ್ಲಿ ಜೊಂಡು, ಆಪು, ಲಾವಂಚ, ಕಾಬಾಳೆಯಂಥ ನೀರು ತಾಳುವ ಗಿಡಗಳಿರುತ್ತವೆ. ಅವುಗಳ ಬೇರಿನ ಸುತ್ತ ಬೆಳೆದ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತವೆ, ಗಿಡಗಳು ಸಾರಜನಕ ಮತ್ತು ರಂಜಕದ ಒಂದು ಪಾಲನ್ನು ಹೀರುತ್ತವೆ. ಗಿಡವನ್ನು ಕಾಲಕಾಲಕ್ಕೆ ಕೊಯ್ದು ಹೊರತೆಗೆಯಬೇಕು, ಇಲ್ಲವಾದರೆ ಕೊಳೆತು ಹೀರಿದ್ದನ್ನೆಲ್ಲ ನೀರಿಗೆ ಮರಳಿಸುತ್ತದೆ. ಈ ಕೊಯ್ಲನ್ನು ಮರೆತ ಜೌಗುಗಳು ಕೆಲವೇ ವರ್ಷಗಳಲ್ಲಿ ಕೆಟ್ಟಿವೆ.

ಬಿಸಿ ಹವೆಯ ನಾಡುಗಳಲ್ಲಿ ಇಂಥ ಮಡಿಗಳಿಗೆ ತಲೆಗೆ ಒಂದೆರಡು ಚದರ ಮೀಟರ್ ಜಾಗ ಬೇಕು. ಈ ಮಾನದಂತೆ ತುರುವೇಕೆರೆಗೆ ಮೂರೂವರೆಯಿಂದ ಏಳು ಎಕರೆ, ತಿಪಟೂರಿಗೆ 15ರಿಂದ 30 ಎಕರೆ ಸಾಕು. ಬೆಂಗಳೂರಿನಲ್ಲಿ ಈ ಜಾಗವನ್ನು ಈಗ ಯಾವ ಬೆಲೆಗೂ ಹೊಂದಿಸಲಾಗದು. ಸಣ್ಣ ಪಟ್ಟಣಗಳಲ್ಲಿ ಕೆರೆಯ ಹಿನ್ನೀರಿನ ಖರಾಬು ಜಮೀನು ಇನ್ನೂ ಉಳಿದಿದೆ. ಬಡಾವಣೆಗಳಾಗುವ ಮುನ್ನ ಅದನ್ನು ಜೌಗಿಗೆಂದು ಗುರುತಿಸಿ ಕಾಯ್ದಿರಿಸುವುದು ಪುರಸಭೆ, ನಗರಸಭೆಗಳ ಕೈಯಲ್ಲಿರುವ ಕೆಲಸ. ಸಣ್ಣ ಊರಿಗೆ ಇರುವ ಈ ಅವಕಾಶವೇ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ.

ಕರ್ನಾಟಕದಲ್ಲಿ ಇದಕ್ಕೆ ಹೆಸರಾದ ನಿದರ್ಶನ ಬೆಂಗಳೂರಿನ ಜಕ್ಕೂರು ಕೆರೆ. ಜಲಮಂಡಳಿಯ ಶುದ್ಧೀಕರಣ ಘಟಕದಿಂದ ಬಂದ ನೀರು ನೇರ ಕೆರೆಗೆ ಬೀಳದೆ ಜೊಂಡಿನ ಜೌಗಿನ ಮೂಲಕ ಹಾದು ಒಳಸೇರುತ್ತದೆ. ಸುತ್ತಲಿನ ಬಾವಿಗಳಲ್ಲಿ ನೀರು ಏರಿತು, ಮೀನುಗಾರಿಕೆ ಉಳಿಯಿತು, ನಾಗರಿಕರ ಜಲಪೋಷಣ್ ಬಳಗ ಕಾವಲಿಗೆ ನಿಂತಿತು. ಇನ್ನೂ ದೊಡ್ಡ ಮಾದರಿ ಪೂರ್ವ ಕೋಲ್ಕತ್ತದ ಜೌಗು ಪ್ರದೇಶ. ಮಹಾನಗರದ ಕೊಳಚೆಯನ್ನು ಬಿಸಿಲು, ಪಾಚಿ ಮತ್ತು ಮೀನುಗಳಿಂದ ಶುದ್ಧಗೊಳಿಸುವ ಈ 12,500 ಹೆಕ್ಟೇರುಗಳ ಕೊಳಗಳ ಬಯಲು 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗೆಂದು ರಾಮ್ಸಾರ್ ತಾಣವಾಯಿತು. ಅದನ್ನು ನಡೆಸಿಕೊಂಡು ಬಂದವರು ಎಂಜಿನಿಯರುಗಳಲ್ಲ, ಮೀನುಗಾರ ಕುಟುಂಬಗಳು.

ಮಡಿಗಳು ಕೊಳಚೆಯನ್ನು ಕುಡಿಯುವ ನೀರಾಗಿ ಮಾಡುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ತಿಪಟೂರಿಗೆ ಕುಡಿಯುವ ನೀರು ಕೊಡುವ ಈಚನೂರು ಕೆರೆ, ತುರುವೇಕೆರೆಗೆ ಕೊಡುವ ಮಲ್ಲಾಘಟ್ಟ ಕೆರೆಯಂಥವಕ್ಕೆ ಒಂದು ಹನಿ ಕೊಳಚೆಯೂ ಸೇರಬಾರದು. ಶುದ್ಧಗೊಂಡ ನೀರು ಸೇರಬೇಕಾದ್ದು ಊರಿನ ಕೆಳಗಿನ ತೋಟಗಳಿಗೆ. ತೆಂಗಿಗೆ ಅಂಥ ನೀರು ಬುಡದಲ್ಲಿ ಸಿಗುತ್ತದೆ, ಕಾಯಿ ಬಹಳ ಮೇಲಿರುತ್ತದೆ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗಿಂತ ತೆಂಗು ಈ ಬಳಕೆಗೆ ಒಗ್ಗುವುದು ಇದರಿಂದ.

ಜಲಾನಯನದ ಮೇಲ್ಭಾಗ

ಕೆರೆಯ ಕೆಲಸ ಶುರುವಾಗಬೇಕಾದ್ದು ಕೆರೆಯಲ್ಲಲ್ಲ, ಅದರ ಮೇಲಿನ ಗುಡ್ಡ ಹಾಗೂ ಕಾವಲುಗಳಲ್ಲಿ. ಅಮೃತಮಹಲ್ ದನಗಳಿಗೆಂದು ಅರಸರ ಕಾಲದಲ್ಲಿ ಮೀಸಲಿಟ್ಟ ಹುಲ್ಲುಗಾವಲುಗಳು ಈ ಸೀಮೆಯಲ್ಲಿ ಅಲ್ಲಲ್ಲಿ ಉಳಿದಿವೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಹುಲ್ಲು ಹೊದ್ದ ನೆಲದಲ್ಲಿ ಮಳೆ ಇಂಗುತ್ತದೆ, ಹರಿದ ನೀರು ತಿಳಿಯಾಗಿರುತ್ತದೆ. ಕಾವಲಿನಲ್ಲಿ ನೀಲಗಿರಿ ನೆಡುವುದಾಗಲೀ ಅದನ್ನು ಬೇರೆ ಉದ್ದೇಶಕ್ಕೆ ಕೊಡುವುದಾಗಲೀ ಕೆಳಗಿನ ಕೆರೆಯ ಬಾಯಿ ಮುಚ್ಚಿದಂತೆ. ಇಳಿಜಾರಿಗೆ ಅಡ್ಡಲಾಗಿ ಟ್ರೆಂಚು, ಕೊರಕಲುಗಳಿಗೆ ಕಲ್ಲುತಡೆ, ಬದುಗಳ ಮೇಲೆ ಹೊಂಗೆ, ಸೀತಾಫಲ, ಹಳ್ಳದ ದಡಕ್ಕೆ ಹೊಳೆಮತ್ತಿ, ನೇರಳೆ, ಲಕ್ಕಿ, ಬಿದಿರು, ಈಚಲು. ಇವುಗಳಲ್ಲಿ ಯಾವುದಕ್ಕೂ ಹೊರಗಿನ ತಂತ್ರಜ್ಞಾನ ಬೇಡ.

ಈ ಕ್ಷೇತ್ರದಲ್ಲಿ ತಿಪಟೂರಿಗೆ ತನ್ನದೇ ಅನುಭವವಿದೆ. ಮಣಿಭಾಯಿ ದೇಸಾಯಿ 1967ರಲ್ಲಿ ಪುಣೆಯ ಬಳಿ ಸ್ಥಾಪಿಸಿದ ಬೈಫ್ ಎಂಬ ಗ್ರಾಮಾಭಿವೃದ್ಧಿ ಸಂಸ್ಥೆಯ ಕರ್ನಾಟಕ ಶಾಖೆಯ ನೆಲೆ ತಿಪಟೂರು. ಲಕ್ಕಿಹಳ್ಳಿಯಲ್ಲಿ ಅದರ ತರಬೇತಿ ಕ್ಷೇತ್ರವಿದೆ. ನೆರೆಯ ಅರಸೀಕೆರೆ ತಾಲ್ಲೂಕಿನ ಆದಿಹಳ್ಳಿ–ಮೈಲನಹಳ್ಳಿ ಜಲಾನಯನದಲ್ಲಿ ಈ ಸಂಸ್ಥೆ ಒಂದು ದೊಡ್ಡ ಚೆಕ್‌ಡ್ಯಾಮಿನ ಬದಲು ಹೊಲಹೊಲಕ್ಕೂ ಸಣ್ಣ ಕೃಷಿಹೊಂಡ ತೋಡಿಸಿ ಅವನ್ನು ಒಂದಕ್ಕೊಂದು ಹೆಣೆಯಿತು. ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಹರಿಯುವ ಈ ಜಾಲ ಕೆರೆ ಸರಣಿಯ ತಿಳಿವನ್ನೇ ಹೊಲದ ಅಳತೆಗೆ ಇಳಿಸಿದ್ದು. ಬದುಗಳಲ್ಲಿ ಮರ, ಹೊಂಡದ ಅಂಚಿನಲ್ಲಿ ಹಣ್ಣಿನ ಗಿಡ ಬೆಳೆದ ರೈತ ಹೊಂಡವನ್ನು ತಾನೇ ಕಾಯುತ್ತಾನೆ. ತನ್ನ ಹೊಲದಲ್ಲಿರುವುದನ್ನು ಕಾಯಲು ಸಮಿತಿ ಬೇಕಾಗುವುದಿಲ್ಲ.

ತೋಟದೊಳಗೂ ಮಾಡುವುದು ಬಹಳಿದೆ. ಮರಗಳ ಸಾಲಿನ ನಡುವೆ ಟ್ರೆಂಚು ತೆಗೆದು ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗಿ ಹೂತರೆ ಅದು ತನ್ನ ತೂಕದ ಹಲವು ಪಟ್ಟು ನೀರು ಹೀರಿ ವರ್ಷಗಟ್ಟಲೆ ತೇವ ಕಾಯುತ್ತದೆ. ನೆಲವನ್ನು ಪದೇಪದೇ ಉಳುವ ಬದಲು ಹುರುಳಿ, ಅಲಸಂದೆ, ಹಸಿರೆಲೆ ಗೊಬ್ಬರದ ಬೆಳೆ ಬಿತ್ತಿ ಮುಚ್ಚಿಗೆ ಕೊಡುವವರ ತೋಟಗಳು ಬರದಲ್ಲೂ ಹೆಚ್ಚು ತಾಳಿವೆ.

ಹೂಳು ಮತ್ತು ಹೂಳೆತ್ತುವ ತಪ್ಪುಗಳು

ಹೂಳು ಕೆರೆಗೆ ಹೊರೆ, ತೋಟಕ್ಕೆ ಗೊಬ್ಬರ. ಜೇಡಿ ಮತ್ತು ಸಾವಯವ ಅಂಶವಿರುವ ಗೋಡನ್ನು ಕೆಂಪು ಮಣ್ಣಿನ ತೋಟಕ್ಕೆ ಹೊಡೆದರೆ ನೀರು ಹಿಡಿಯುವ ಗುಣ ಹೆಚ್ಚುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮ ನೆಚ್ಚಿದ್ದು ಇದನ್ನೇ. ಯಂತ್ರದ ಖರ್ಚನ್ನು ಯೋಜನೆ ಭರಿಸಿ, ಮಣ್ಣು ಸಾಗಿಸುವುದನ್ನು ರೈತರು ತಮ್ಮ ಟ್ರ್ಯಾಕ್ಟರುಗಳಲ್ಲಿ ಮಾಡುವುದು, ಊರಿನ ಸಮಿತಿ ಲೆಕ್ಕ ನೋಡುವುದು ಅದರ ಕ್ರಮ. ತುಮಕೂರು ಜಿಲ್ಲೆಯ ಅನೇಕ ಕೆರೆಗಳು ಹೀಗೆ ಹೂಳು ಕಳೆದುಕೊಂಡಿವೆ.

ಆದರೆ ಜೆಸಿಬಿ ಬಂದ ಮೇಲೆ ಹೂಳೆತ್ತುವುದು ಹೆಚ್ಚಾಗಿ ಗುಂಡಿ ತೋಡುವುದಾಗಿದೆ. ಇಟ್ಟಿಗೆ ಗೂಡಿಗೆ ಬೇಕಾದ ಮಣ್ಣು ಸಿಕ್ಕಲ್ಲೆಲ್ಲ ಆಳಕ್ಕೆ ತೆಗೆದು, ಕೆರೆಯಂಗಳವನ್ನು ಹಳ್ಳದಿಣ್ಣೆ ಮಾಡಿಬಿಡುತ್ತಾರೆ. ಈಜಲು ಇಳಿದ ಮಕ್ಕಳು ಇಂಥ ಗುಂಡಿಗಳಲ್ಲಿ ಮುಳುಗಿ ಸತ್ತ ಸುದ್ದಿ ಬಯಲುಸೀಮೆಯಲ್ಲಿ ಪ್ರತಿ ಮಳೆಗಾಲವೂ ಬರುತ್ತದೆ. ಹಿನ್ನೀರಿನ ತೆಳು ನೀರಿನ ಅಂಚು ಹೋದರೆ ಉದ್ದಕಾಲಿನ ಹಕ್ಕಿಗಳಿಗೆ ಮೇವಿನ ನೆಲೆ ಹೋಯಿತು, ದನ ಇಳಿಯುವ ದಾರಿಯೂ ಹೋಯಿತು. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ತರುವುದು ಸುತ್ತಲಿನ ಕೆರೆಗಳಿಂದ. ಊರಿನವರು ಕಾಪಾಡಿದ ಆ ಹಕ್ಕಿಧಾಮ ಉಳಿಯಬೇಕಾದರೆ ಕೆರೆಗಳ ತೆಳು ನೀರೂ ಉಳಿಯಬೇಕು.

ಇನ್ನೊಂದು ತಪ್ಪು ಪಟ್ಟಣಗಳದ್ದು. ಊರ ಕೆರೆಯ ಸುತ್ತ ಕಲ್ಲು ಹಾಸಿ, ವಿಹಾರಪಥ, ದೀಪ, ಕಾರಂಜಿ, ದೋಣಿ ಮಾಡಿದರೆ ಕೆರೆ ಅಭಿವೃದ್ಧಿ ಆಯಿತು ಎಂಬ ನಂಬಿಕೆ ಬಲವಾಗಿದೆ. ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆಯ್ಕೆಯಾದ ತುಮಕೂರಿನಲ್ಲಿ ಅಮಾನಿಕೆರೆ ಇಂಥ ಕಾಮಗಾರಿ ಕಂಡಿತು. ಜನ ಕೆರೆಯ ಬಳಿಗೆ ಮರಳಿ ಬರುವುದು ಒಳ್ಳೆಯದೇ. ಆದರೆ ಕಲ್ಲು ಕಟ್ಟಿದ ದಡದಲ್ಲಿ ಜೊಂಡು ಬೆಳೆಯದು, ಕಪ್ಪೆ ಮೊಟ್ಟೆಯಿಡದು, ನೀರನ್ನು ಸೋಸುವವರು ಯಾರೂ ಉಳಿಯರು. ಒಳಹರಿವಿನ ಕೊಳಚೆಗೆ ದಾರಿ ಕಾಣಿಸದೆ ಕೆರೆಗೆ ಬೇಲಿ ಹಾಕಿದರೆ ಅಂತರಗಂಗೆ ಎರಡೇ ವರ್ಷಕ್ಕೆ ಮತ್ತೆ ಹಬ್ಬುತ್ತದೆ.

ಸಮುದಾಯ ಎಂದರೆ ಯಾರು

ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಒಂಬತ್ತು ಜಿಲ್ಲೆಗಳಲ್ಲಿ ನಡೆಯಿತು, ತುಮಕೂರು ಅವುಗಳಲ್ಲೊಂದು. ಜಲ ಸಂವರ್ಧನ ಯೋಜನಾ ಸಂಘ ಅದನ್ನು ನಡೆಸಿತು. ಕೆರೆಗೊಂದು ಬಳಕೆದಾರರ ಸಂಘ ಕಟ್ಟಿ, ಜನರ ವಂತಿಗೆ ಸೇರಿಸಿ, ಕಾಮಗಾರಿಯನ್ನು ಸಂಘಕ್ಕೇ ವಹಿಸುವುದು ಅದರ ಹೊಸತನ. ಹಣ ಬರುವವರೆಗೆ ನಡೆದ ಎಷ್ಟೋ ಸಂಘಗಳು ಯೋಜನೆ ಮುಗಿದ ಮೇಲೆ ಸುಮ್ಮನಾದವು. ಅಟಲ್ ಭೂಜಲ ಯೋಜನೆ 2019ರ ಡಿಸೆಂಬರ್‌ನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಆರಂಭವಾಗಿ, ತುಮಕೂರು ಜಿಲ್ಲೆಯ ತಾಲ್ಲೂಕುಗಳನ್ನೂ ಒಳಗೊಂಡಿತು. ಅದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನೀರಿನ ಆಯವ್ಯಯ ಬರೆಸಿತು. ಇಷ್ಟು ಮಳೆ, ಇಷ್ಟು ಇಂಗುವಿಕೆ, ಇಷ್ಟು ಪಂಪು ಎಂದು ಊರಿನವರು ಗೋಡೆಯ ಮೇಲೆ ಬರೆದುಕೊಳ್ಳುವುದು ಸಣ್ಣ ಸಾಧನೆಯಲ್ಲ.

ಕೆರೆಯ ಸಮುದಾಯ ಎಂದಾಗ ಅಚ್ಚುಕಟ್ಟಿನ ಜಮೀನುದಾರರೇ ಎದ್ದು ಕಾಣುತ್ತಾರೆ, ಸಮಿತಿಗಳೂ ಅವರದೇ ಆಗುತ್ತವೆ. ಆದರೆ ಕೆರೆಯನ್ನು ನೆಚ್ಚಿದವರು ಬೇರೆಯೂ ಇದ್ದಾರೆ. ಕುರಿ ದನ ನೀರಿಗಿಳಿಸುವ ಗೊಲ್ಲರು ಮತ್ತು ಕುರುಬರು, ಮೀನು ಹಿಡಿಯುವ ಬೆಸ್ತರು, ಬಟ್ಟೆ ಒಗೆಯುವ ಮಡಿವಾಳರು, ಜೊಂಡು ಕೊಯ್ದು ಚಾಪೆ ಹೆಣೆಯುವವರು, ಗಂಗಮ್ಮನ ಪೂಜೆ ಮಾಡುವ ಹೆಂಗಸರು. ಹೂಳೆತ್ತಲು ಕೆರೆ ಒಡೆದು ನೀರು ಬಿಟ್ಟರೆ ಬೆಸ್ತರ ವರ್ಷದ ದುಡಿಮೆ ಹೋಗುತ್ತದೆ, ದಡಕ್ಕೆ ಬೇಲಿ ಹಾಕಿದರೆ ಹಟ್ಟಿಯ ದನಗಳಿಗೆ ನೀರಿಲ್ಲ. ಪಟ್ಟಣದಲ್ಲಿ ಮನೆ ಮನೆಯ ಪಿಟ್ಟು ಖಾಲಿ ಮಾಡುವ, ಚರಂಡಿಗಿಳಿಯುವ ಪೌರಕಾರ್ಮಿಕರಿಗೆ ಕೊಳಚೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ನಕ್ಷೆ ಬರೆಯುವವರಿಗಿಂತ ಚೆನ್ನಾಗಿ ಗೊತ್ತು. ಅವರನ್ನು ಕೂರಿಸದ ಸಭೆಯನ್ನು ಸಮುದಾಯದ ಸಭೆ ಎನ್ನಲಾಗದು.

ರಾಜಸ್ಥಾನದ ಅಲ್ವಾರ್ ಜಿಲ್ಲೆಯ ಅರ್ವಾರಿ ನದಿ ಈ ವಿಷಯದಲ್ಲಿ ಹೆಚ್ಚು ಕಲಿಸುತ್ತದೆ. ತರುಣ್ ಭಾರತ್ ಸಂಘ ಮತ್ತು ಹಳ್ಳಿಗರು ಮಳೆನೀರು ಹಿಡಿಯುವ ನೂರಾರು ಜೋಹಡ್‌ಗಳನ್ನು ಕಟ್ಟಿದ ಮೇಲೆ ಬತ್ತಿದ್ದ ನದಿ ಮತ್ತೆ ಹರಿಯಿತು. ಅದರ ಮುಂದಿನ ಹೆಜ್ಜೆ ಇನ್ನೂ ಮುಖ್ಯ. ಕೊಳ್ಳದ ಸುಮಾರು 70 ಹಳ್ಳಿಗಳು ಅರ್ವಾರಿ ಸಂಸತ್ತು ಎಂಬ ಸಭೆ ಮಾಡಿಕೊಂಡು, ಯಾವ ಬೆಳೆ ಬೆಳೆಯಬೇಕು, ಎಷ್ಟು ನೀರೆತ್ತಬೇಕು ಎಂದು ತಾವೇ ಕಟ್ಟಳೆ ಹಾಕಿಕೊಂಡವು. ತೆಂಗಿನ ಸೀಮೆಯಲ್ಲಿ ಕಟ್ಟುವ ಕೆಲಸಕ್ಕೆ ಕೈಗಳು ಸಿಕ್ಕಿವೆ, ಪಂಪಿಗೆ ಮಿತಿ ಹಾಕಿಕೊಳ್ಳುವ ಮಾತು ಇನ್ನೂ ಬಂದಿಲ್ಲ.

ಹೇಮಾವತಿ ನೀರು

ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟಿನಿಂದ ಬಾಗೂರು–ನವಿಲೆ ಸುರಂಗ ಹಾದು ತುಮಕೂರು ನಾಲೆಯಲ್ಲಿ ಬರುವ ಹೇಮಾವತಿ ಈ ಸೀಮೆಯ ಬದುಕನ್ನೇ ಬದಲಿಸಿತು. ನೊಣವಿನಕೆರೆ, ಈಚನೂರು, ಮಲ್ಲಾಘಟ್ಟ ಕೆರೆಗಳು ಅದರಿಂದ ತುಂಬುತ್ತವೆ. ನಾಲೆಯ ನೀರಿಗಾಗಿ ಚಿಕ್ಕನಾಯಕನಹಳ್ಳಿಯ ಜನ ದಶಕಗಳ ಕಾಲ ಹೋರಾಡಿದ್ದಾರೆ. ಆ ಹಕ್ಕು ನ್ಯಾಯವಾದದ್ದು. ಜಿಲ್ಲೆಯೊಳಗೇ ಹಂಚಿಕೆಯ ಜಗಳ ಎಷ್ಟು ತೀವ್ರ ಎಂಬುದನ್ನು, ನಾಲೆಯ ನೀರನ್ನು ನೇರವಾಗಿ ಬೇರೆ ತಾಲ್ಲೂಕಿಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2024–25ರಲ್ಲಿ ನಡೆದ ಪ್ರತಿಭಟನೆಗಳು ತೋರಿಸಿವೆ.

ನಾಲೆ ನೀರು ಕೆರೆ ತುಂಬಿಸುವುದರಿಂದ ಒಂದು ಮರೆವೂ ಬಂದಿದೆ. ಕೆರೆ ತುಂಬಿದ್ದರೆ ಅದರ ಹಳ್ಳ ಒತ್ತುವರಿಯಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. 2022ರ ಭಾರಿ ಮಳೆಯಲ್ಲಿ ಬೋರನಕಣಿವೆ ತುಂಬಿತು, ಹಲವು ವರ್ಷ ಬತ್ತಿದ್ದ ಕೆರೆಗಳು ಕೋಡಿ ಬಿದ್ದವು, ಮುಚ್ಚಿಹೋಗಿದ್ದ ಹಳ್ಳಗಳ ನೀರು ರಸ್ತೆ, ತೋಟ, ಮನೆಗಳ ಮೇಲೆ ಹರಿಯಿತು. ನೀರಿನ ದಾರಿ ಎಲ್ಲಿತ್ತು ಎಂಬುದು ಆ ವಾರಗಳಲ್ಲಿ ಎಲ್ಲರಿಗೂ ಕಾಣಿಸಿತು. ಹೊರಗಿನಿಂದ ತಂದ ನೀರಿನಲ್ಲಿ ನಿಂತ ಪುನಶ್ಚೇತನ ಎಷ್ಟು ದುರ್ಬಲ ಎಂಬುದಕ್ಕೆ ಸೋಲ್ ನಗರದ ಚಿಯೊಂಗ್ಗೆಚಿಯೊನ್ ತೊರೆಯನ್ನು ನೋಡಬಹುದು. ಮೇಲ್ಸೇತುವೆ ಕೆಡವಿ 2005ರಲ್ಲಿ ತೆರೆದ ಆ ಸುಂದರ ತೊರೆಯ ಬಹುಪಾಲು ನೀರು ಹಾನ್ ನದಿಯಿಂದ ಪಂಪು ಮಾಡಿದ್ದು. ಮ್ಯೂನಿಕ್‌ನ ಇಸಾರ್ ನದಿ ಬೇರೆ ದಾರಿ ಹಿಡಿಯಿತು. 2000ದಿಂದ 2011ರವರೆಗೆ ಎಂಟು ಕಿಲೋಮೀಟರ್ ಉದ್ದಕ್ಕೆ ಕಾಂಕ್ರೀಟು ದಡ ಒಡೆದು, ಜಲ್ಲಿ ತೀರ ಮತ್ತು ಅಗಲವಾದ ಪಾತ್ರ ಕೊಟ್ಟು, ನೆರೆಗೆ ಜಾಗ ಬಿಟ್ಟರು.

ನೆರೆಹೊರೆಯ ಪ್ರಯತ್ನಗಳು

ಶಿವಗಂಗೆ ಬೆಟ್ಟದಲ್ಲಿ ಹುಟ್ಟಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಸೇರುವ ಕುಮುದ್ವತಿ ನದಿಯ ಕೊಳ್ಳದಲ್ಲಿ ಆರ್ಟ್ ಆಫ್ ಲಿವಿಂಗ್ ಸಂಸ್ಥೆ 2013ರಿಂದ ಪಂಚಾಯಿತಿಗಳೊಡನೆ ಕಲ್ಲುತಡೆ, ಇಂಗುಬಾವಿ, ಕಲ್ಯಾಣಿ ದುರಸ್ತಿಗಳನ್ನು ನಡೆಸಿತು. ಉದ್ಯೋಗ ಖಾತರಿ ಯೋಜನೆಯ ಕೂಲಿಯಿಂದ ನದಿಯ ಕೆಲಸ ಮಾಡಿಸಬಹುದೆಂಬುದು ಅಲ್ಲಿ ಸಿದ್ಧವಾಯಿತು. ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಭಾಗದಲ್ಲಿ ನೆಲದಿಂದ ತಾನೇ ಉಕ್ಕುವ ತಲಪರಿಗೆಗಳನ್ನು ಬರಹಗಾರ ಮಲ್ಲಿಕಾರ್ಜುನ ಹೊಸಪಾಳ್ಯ ಊರೂರು ತಿರುಗಿ ದಾಖಲಿಸಿದರು. ಬತ್ತಿದ್ದವುಗಳಲ್ಲಿ ಕೆಲವನ್ನು ಊರಿನವರೇ ತೋಡಿ ಉಳಿಸಿಕೊಂಡರು.

ಈ ಸೀಮೆಯ ಹಳ್ಳಗಳ ಸ್ಥಿತಿಯ ಪರಿಣಾಮ ಇಲ್ಲಿಗೇ ಮುಗಿಯುವುದಿಲ್ಲ. ತುರುವೇಕೆರೆ, ತಿಪಟೂರುಗಳು ಹಳ್ಳಕ್ಕೆ ಬಿಟ್ಟದ್ದು ಮಾರ್ಕೋನಹಳ್ಳಿ ಜಲಾಶಯದ ಕಡೆಗೆ ಇಳಿಯುತ್ತದೆ, ಶಿಂಷಾ ಮದ್ದೂರು ಪಟ್ಟಣ ಹಾದು ಕಾವೇರಿಗೆ ಹೋಗುತ್ತದೆ. ಆ ಹೊಳೆಯ ಬಯಲಲ್ಲೇ ಹಕ್ಕಿಗಳು ಗೂಡು ಕಟ್ಟುವ ಕೊಕ್ಕರೆಬೆಳ್ಳೂರು ಇದೆ. ಕೆಳಗಿನವರ ನದಿ ಎಷ್ಟು ಶುದ್ಧ ಎಂಬುದನ್ನು ನೆತ್ತಿಯ ಮೇಲಿನ ಸಣ್ಣ ಪಟ್ಟಣಗಳು ತೀರ್ಮಾನಿಸುತ್ತವೆ.

ಕೆಲಸದ ಅನುಕ್ರಮದ ಬಗ್ಗೆ ಗೊಂದಲಕ್ಕೆ ಎಡೆಯಿಲ್ಲ. ಮೊದಲು ಸರ್ವೆ ನಕ್ಷೆ ಹಿಡಿದು ಹಳ್ಳ, ರಾಜಕಾಲುವೆಗಳ ಗಡಿಕಲ್ಲು ನೆಡಬೇಕು, ಆಮೇಲೆ ಗುಡ್ಡ ಕಾವಲುಗಳಲ್ಲಿ ಮಳೆ ಇಂಗಿಸಬೇಕು, ಊರ ಕೊಳಚೆಗೆ ಮಡಿಗಳ ಜಾಗ ಹೊಂದಿಸಬೇಕು, ಹೂಳಿಗೆ ಕೈಹಾಕುವುದು ಇವೆಲ್ಲ ಆದ ಮೇಲೆ, ವಿಹಾರಪಥ ಎಲ್ಲಕ್ಕಿಂತ ಕೊನೆಗೆ. ಸದ್ಯ ನಡೆಯುತ್ತಿರುವುದು ಬಹುತೇಕ ಇದರ ತಲೆಕೆಳಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹಿನ್ನೀರಿನ ಖರಾಬು ಇನ್ನೂ ಖಾಲಿಯಿದೆ. ಮುಂದಿನ ನಗರ ಯೋಜನೆಯಲ್ಲಿ ಅದನ್ನು ನಿವೇಶನವೆಂದು ಬರೆಯುವ ಮುನ್ನ ಊರಿನವರು ವಾರ್ಡ್ ಸಭೆಗೆ ಹೋಗಿ ಜೌಗಿಗೆಂದು ಬರೆಸಬೇಕು.